ಒಂದೇ ಫೋನು, ನಲವತ್ತು ಕಾರ್ಡು: ನನ್ನ ಇಂಗ್ಲಿಷ್ ಕ್ಲಾಸಿನ ಅನುಭವ

ಬೆಳಿಗ್ಗೆ ನನ್ನ ಸ್ಕೂಟಿ ಗೇಟಿನೊಳಗೆ ಬಂದರೆ ಸಾಕು, ಒಂಬತ್ತನೇ ಕ್ಲಾಸಿನ ಮಕ್ಕಳು ಕೇಳುವುದು ಒಂದೇ ಮಾತು: "ಟೀಚರ್, ಇವತ್ತ ಕಾರ್ಡ್ ಐತೇನ್ರೀ?" ಎರಡು ವರ್ಷದ ಹಿಂದೆ ಇದೇ ಶಾಲೆಯಲ್ಲಿ ಇಂಗ್ಲಿಷ್ ಪೀರಿಯಡ್ ಅಂದರೆ ಹಿಂದಿನ ಬೆಂಚಿನವರು ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದರು. "ಮೊಬೈಲ್ ಹಿಡಕೊಂಡು ಆಟ ಆಡಿಸಿದ್ರ ಗ್ರಾಮರ್ ಬರತೈತೇನ್ರೀ ಮೇಡಂ, ಮೊದಲ ಪೋರ್ಷನ್ ಮುಗಸ್ರಿ" ಅಂತ ಸ್ಟಾಫ್ ರೂಮಿನಲ್ಲಿ ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲೇ ಇಬ್ಬರು ಈಗ ನನ್ನ ಕಾರ್ಡ್ ಕಟ್ಟನ್ನು ವಿಜ್ಞಾನಕ್ಕೂ ಸಮಾಜಕ್ಕೂ ಒಯ್ಯುತ್ತಾರೆ. ಅದಕ್ಕೇ ಕಾರ್ಡ್ ಎತ್ತಿ ಉತ್ತರ ಹೇಳುವ ಈ ಆಟದ ಬಗ್ಗೆ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಬ್ಯಾಡಗಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಕನ್ನಡ ಮಾಧ್ಯಮ. ಕ್ಲಾಸಿನಲ್ಲಿ 38 ಮಕ್ಕಳು. ಉಳಿದದ್ದು ನಿಮಗೆ ಗೊತ್ತೇ ಇದೆ.

ಮೊದಲು ಹಾಳಾದ ದುಡ್ಡಿನ ಕಥೆ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಟ್ಯಾಬ್ ಎರಡು ತಗೊಂಡೆ, ಎರಡೂ ಸೇರಿ ಏಳು ಸಾವಿರ ಚಿಲ್ಲರೆ, ಸ್ವಂತ ದುಡ್ಡು. ಮಗು ಓದುವುದನ್ನು ಕೇಳಿ ತಿದ್ದುವ ಆ್ಯಪ್ ಹಾಕಿದೆ. ಮನೆಯಲ್ಲಿ ನನ್ನ ಮಗಳು ಓದಿದಾಗ ಚೆನ್ನಾಗಿಯೇ ಕೇಳಿಸಿಕೊಂಡಿತ್ತು. ಕ್ಲಾಸಿನಲ್ಲಿ ಒಬ್ಬ ಓದುವಾಗ 37 ಜನ ಸುಮ್ನೆ ಕೂರುತ್ತಾರಾ? ಆ ಗದ್ದಲದಲ್ಲಿ ಸರಿಯಾಗಿ ಓದಿದ ಹುಡುಗಿಗೂ ತಪ್ಪು ಅಂತ ಬಂತು, ಅವಳು ಅತ್ತಳು. ಅವತ್ತೇ ನಿಲ್ಲಿಸಿದೆ. ನಾಲ್ಕು ತಿಂಗಳಲ್ಲಿ ಒಂದು ಟ್ಯಾಬಿನ ಬ್ಯಾಟರಿ ಉಬ್ಬಿತು. ಆಮೇಲೆ ಮನೆಯಲ್ಲಿ ಆಡಲಿ ಅಂತ ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್ ಸಿಗುವ ಕ್ವಿಜ್ ಕಳಿಸಿದೆ. ಫೋನ್ ಅಣ್ಣನ ಕೈಯಲ್ಲಿ, ಅಪ್ಪನ ಜೊತೆ ಹೊಲದಲ್ಲಿ. ಆಡಿದವರು ಹದಿಮೂರೋ ಹದಿನಾಲ್ಕೋ ಜನ, ಅವರೂ ಪ್ರಶ್ನೆ ಓದದೆ ಬಣ್ಣ ನೋಡಿ ಒತ್ತಿದ್ದರು. ಮೊದಲೇ ಬರುತ್ತಿದ್ದವರು ಗೆದ್ದರು, ಬಾರದವರು ಇನ್ನಷ್ಟು ಹಿಂದೆ ಸರಿದರು. ಇಂಥ ಆಟ ನಮ್ಮ ಮಕ್ಕಳಿಗೆ ಬೇಡ ಅನಿಸಿತು.

ಆಗ ಪ್ಲಿಕರ್ಸ್ ಅನ್ನುವ ಆ್ಯಪ್ ಸಿಕ್ಕಿತು. ಮಕ್ಕಳ ಕೈಯಲ್ಲಿ ಫೋನ್ ಬೇಕಿಲ್ಲ. ಒಬ್ಬೊಬ್ಬರಿಗೆ ಒಂದು ನಂಬರಿನ ಕಾರ್ಡ್, ಅದರ ಮೇಲೆ ಕಪ್ಪು ಬಿಳುಪಿನ ಚಿತ್ರ, ನಾಲ್ಕು ಬದಿಗೆ ಎ ಬಿ ಸಿ ಡಿ. ತಮ್ಮ ಉತ್ತರದ ಬದಿ ಮೇಲೆ ಮಾಡಿ ಹಿಡಿಯುತ್ತಾರೆ, ನಾನು ಫೋನಿನ ಕ್ಯಾಮೆರಾವನ್ನು ಕ್ಲಾಸಿನ ಮೇಲೆ ಒಂದು ಸುತ್ತು ಹಾಯಿಸಿದರೆ ಯಾರದು ಏನು ಅಂತ ಬರುತ್ತದೆ. ಒಬ್ಬೊಬ್ಬರ ಚಿತ್ರ ಬೇರೆ ಬೇರೆ, ಅಕ್ಷರ ಸಣ್ಣದು, ಪಕ್ಕದವನದು ನೋಡಿ ತಿರುಗಿಸುವುದು ಕಷ್ಟ. ಪ್ರೊಜೆಕ್ಟರ್ ಇಲ್ಲ, ಕರೆಂಟ್ ಹೋದರೂ ಚಿಂತೆಯಿಲ್ಲ. ಪ್ರಶ್ನೆ ಬೋರ್ಡಿನ ಮೇಲೆ ಬರೆಯುತ್ತೇನೆ. ನಾನು ಬಳಸುವುದು ಉಚಿತ ಖಾತೆ, ಒಂದು ಸೆಟ್ಟಿಗೆ ಐದೇ ಪ್ರಶ್ನೆ. ಒಂದು ಪೀರಿಯಡ್‌ಗೆ ಐದಕ್ಕಿಂತ ಜಾಸ್ತಿ ಆಗುವುದೂ ಇಲ್ಲ.

ಇಲ್ಲೂ ಒಂದು ಏಟು ತಿಂದೆ. ಕಾರ್ಡ್ ಬಾಳಿಕೆ ಬರಲಿ ಅಂತ ಲ್ಯಾಮಿನೇಷನ್ ಮಾಡಿಸಿದೆ, ಹತ್ತಿರ ಹತ್ತಿರ ಎಂಟುನೂರು ರೂಪಾಯಿ. ಕಿಟಕಿ ಬೆಳಕು ಬಿದ್ದು ಹೊಳೆದು ಅರ್ಧ ಕ್ಲಾಸಿನದು ಕ್ಯಾಮೆರಾಕ್ಕೆ ಕಾಣಲೇ ಇಲ್ಲ. ನೀವು ಮಾಡಿಸಬೇಡಿ. ಸಾದಾ ಪ್ರಿಂಟ್ ತೆಗೆದು ಹಳೆಯ ಲಗ್ನಪತ್ರಿಕೆಗೆ ಅಂಟಿಸಿ. ನನಗೆ ಇನ್ನೂರೈವತ್ತರ ಒಳಗೆ ಮುಗಿಯಿತು. ಚಿತ್ರದ ಮೇಲೆ ಬೆರಳು ಬರದ ಹಾಗೆ ಅಂಚು ಹಿಡಿಯುವುದನ್ನು ಕಲಿಸಲು ಎರಡು ದಿನ ಬೇಕು, ಅಷ್ಟೇ.

ಆದರೆ ಮೊದಲ ಎರಡು ತಿಂಗಳು ಇದೂ ಬರೀ ಗಮ್ಮತ್ತಾಗಿತ್ತು, ಟೆಸ್ಟಿನಲ್ಲಿ ಏನೂ ಕಾಣಲಿಲ್ಲ. ಯಾಕೆ ಅಂದರೆ ನಾನು ಪ್ರಶ್ನೆಗಳನ್ನು ಗೈಡಿನಿಂದ ಎತ್ತುತ್ತಿದ್ದೆ. ಅದರಲ್ಲಿನ ತಪ್ಪು ಉತ್ತರ ನಮ್ಮ ಮಕ್ಕಳು ಮಾಡುವ ತಪ್ಪೇ ಅಲ್ಲ. ಒಂದು ಭಾನುವಾರ 38 ನೋಟ್‌ಬುಕ್ಕನ್ನೂ ಮನೆಗೆ ತಂದು ಅವರವೇ ತಪ್ಪುಗಳನ್ನು ಒಂದು ಡೈರಿಗೆ ಇಳಿಸಿದೆ. ಡಿಡ್ ಯು ವೆಂಟ್. ಗೋಸ್ ಅನ್ನಬೇಕಾದಲ್ಲಿ ಶಿ ಗೋ ಟು ಮಾರ್ಕೆಟ್. ಐ ಆಮ್ ಕಮಿಂಗ್ ಫ್ರಮ್ ಬ್ಯಾಡಗಿ ಎವ್ರಿ ಡೇ. ಇವನ್ನೇ ಆಯ್ಕೆಗಳಾಗಿ ಇಟ್ಟೆ. ಮರುದಿನ ಡಿಡ್ ಯು ವೆಂಟ್‌ಗೆ ಇಪ್ಪತ್ತಕ್ಕೂ ಜಾಸ್ತಿ ಕಾರ್ಡ್ ಎದ್ದವು. ಆವತ್ತು ನನಗೆ ಕ್ಲಾಸು ಒಳಗಿಂದ ಕಂಡಂತಾಯಿತು. ಹತ್ತು ವರ್ಷದಿಂದ "ಅರ್ಥ ಆಯ್ತಾ" ಅಂತ ಕೇಳಿ "ಆಯ್ತ್ರೀ" ಅನ್ನಿಸಿಕೊಂಡು ಮುಂದೆ ಹೋಗುತ್ತಿದ್ದೆನಲ್ಲ!

ಇನ್ನೊಂದು ಬದಲಾವಣೆ. ಕಾರ್ಡ್ ಎತ್ತಿದ ಮೇಲೆ ಸರಿ ಯಾವುದು ಅಂತ ನಾನು ಹೇಳುವುದಿಲ್ಲ. ಎ ಗೆ ಇಷ್ಟು, ಬಿ ಗೆ ಇಷ್ಟು ಅಂತ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆಯುತ್ತೇನೆ. ನಿನಗಿಂತ ಬೇರೆ ಉತ್ತರದವರನ್ನು ಹುಡುಕಿ ಎರಡು ನಿಮಿಷ ವಾದ ಮಾಡು, ಆಮೇಲೆ ಮತ್ತೆ ಕಾರ್ಡ್ ಎತ್ತು ಅನ್ನುತ್ತೇನೆ. ಪಾಯಿಂಟ್ ಎರಡನೇ ಸಲಕ್ಕೆ ಮಾತ್ರ, ಅದೂ ಇಡೀ ಸಾಲಿಗೆ. ಬೇಗ ಎತ್ತಿದ್ದಕ್ಕೆ ಏನೂ ಇಲ್ಲ. ಮೊದಲು ವಾದವೂ ಇಂಗ್ಲಿಷಿನಲ್ಲೇ ಆಗಬೇಕು ಅಂತ ಹಟ ಹಿಡಿದಿದ್ದೆ, ಕ್ಲಾಸು ಮೂಕಾಯಿತು. ಈಗ ಕನ್ನಡದಲ್ಲಿ ಜಗಳ ಆಡಲಿ, ಆದರೆ ಕೊನೆಗೆ "ಐ ಚೋಸ್ ಬಿ ಬಿಕಾಸ್" ಅಂತ ಶುರು ಮಾಡಿ ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳಲೇಬೇಕು. ಯಾವ ಮಗುವಿಗೆ ಯಾವ ನಂಬರ್, ಯಾರ ಪಕ್ಕ ಯಾರು ಅನ್ನುವುದರಲ್ಲಿ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಕಾದವರು ಕ್ಲಾಸಿಗೆ ಬಂದು ನೋಡಿ.

25 ಅಂಕದ ಟೆಸ್ಟಿನಲ್ಲಿ ಸರಾಸರಿ ಒಂಬತ್ತರ ಸುಮಾರಿಗೆ ಇದ್ದದ್ದು ವರ್ಷದ ಕೊನೆಗೆ ಹದಿನಾಲ್ಕು ಹದಿನೈದಕ್ಕೆ ಬಂತು. ಪತ್ರ, ಪ್ರಬಂಧದಲ್ಲಿ ಅಂಥ ಬದಲಾವಣೆ ಆಗಿಲ್ಲ, ಅದಕ್ಕೆ ಬೇರೆ ದಾರಿ ಹುಡುಕಬೇಕು.

ಮಾತಾಡಿಸುವುದಕ್ಕೆ ಮಾಡಿದ್ದು ಇನ್ನೊಂದು. ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆ ಇದೆಯಲ್ಲ, ಆರ್‌ಐಇಎಸ್‌ಐ, ಅಲ್ಲಿ ಅನಂತಪುರ ಕಡೆಯ ಒಬ್ಬ ಟೀಚರ್ ಪರಿಚಯ ಆಗಿದ್ದರು. ಅವರ ಮಕ್ಕಳು ತೆಲುಗು, ನಮ್ಮವರು ಕನ್ನಡ. ಇಬ್ಬರಿಗೂ ಬರುವ, ಅಂದರೆ ಅರ್ಧಂಬರ್ಧ ಬರುವ ಭಾಷೆ ಇಂಗ್ಲಿಷ್ ಒಂದೇ. ನಾವಿಬ್ಬರೂ ಒಗಟಿನ ಆಟ ಶುರು ಮಾಡಿದೆವು. ತಮ್ಮೂರಿನ ಒಂದು ವಸ್ತುವಿನ ಬಗ್ಗೆ ಹೆಸರು ಹೇಳದೆ ಮೂರು ವಾಕ್ಯ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಬೇಕು, ಆ ಕಡೆಯವರು ಕಂಡುಹಿಡಿಯಬೇಕು. ಮಕ್ಕಳ ಹೆಸರು ಹೇಳಿಸುವುದಿಲ್ಲ, ಗುಂಪಿನ ನಂಬರ್ ಮಾತ್ರ. ನಾನು ಕೊಂಡದ್ದು ಒಂದು ಬ್ಲೂಟೂತ್ ಸ್ಪೀಕರ್, ಸಾವಿರದ ನೂರು ರೂಪಾಯಿ. ನನ್ನ ಖರ್ಚಿನಲ್ಲೆಲ್ಲ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಅವರು ಕಳಿಸಿದ್ದು ಶೇಂಗಾ. ನಮ್ಮವರು ಕ್ಷಣದಲ್ಲಿ ಹೇಳಿದರು. ನಮ್ಮವರು ಕಳಿಸಿದ್ದು ಮೆಣಸಿನಕಾಯಿ: ಕೆಂಪಗಿದೆ, ಅಜ್ಜಿಯ ಕೈಯ ಹಾಗೆ ಸುಕ್ಕಾಗಿದೆ, ಜಾಸ್ತಿ ಖಾರ ಇಲ್ಲ. ಮೂರು ವಾಕ್ಯಕ್ಕೆ ಐದು ಸಲ ರೆಕಾರ್ಡ್ ಮಾಡಿದರು, ತಾವೇ ಕೇಳಿ ತಾವೇ ಅಳಿಸಿ. ಆ ಅಳಿಸುವ ಹೊತ್ತಿನಲ್ಲೇ ಅವರು ಕಲಿತದ್ದು ಜಾಸ್ತಿ. ಆ ಕಡೆಯವರು ಗುಂಟೂರು ಮೆಣಸಿನಕಾಯಿ ತಿಂದು ಬೆಳೆದವರು, ಒಪ್ಪಲೇ ಇಲ್ಲ. "ಚಿಲ್ಲಿ ಮೀನ್ಸ್ ಹಾಟ್! ನಾಟ್ ಹಾಟ್ ಮೀನ್ಸ್ ವೈ ಯು ಗ್ರೋ?" ಅಂತ ವಾಪಸ್ ಬಂತು. ಎರಡು ಸಲ ಕೇಳಿಸಿದೆ. ಕ್ಲಾಸಿಗೆ ಸಿಟ್ಟು ಬಂತು, ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳಬೇಕು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಬಂದು ಫೋನ್ ಕೇಳಿದ. ಅವನಪ್ಪ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ. ಎರಡು ವರ್ಷದಲ್ಲಿ ನನ್ನ ಪೀರಿಯಡ್‌ನಲ್ಲಿ ತಾನಾಗಿ ಬಾಯಿ ಬಿಟ್ಟವನಲ್ಲ. ಹೇಳಿದ: "ಅವರ್ ಚಿಲ್ಲಿ ಈಸ್ ಫಾರ್ ಕಲರ್. ಇಟ್ ಗೋಸ್ ಟು ಫ್ಯಾಕ್ಟರಿ. ಇಟ್ ಗೋಸ್ ಇನ್ ಲಿಪ್‌ಸ್ಟಿಕ್ ಆಲ್ಸೋ."

ಗೋಸ್ ಅಂದ. ಎರಡು ಸಲವೂ.