ಎಲ್ಲಾ ಸಾಮಾನಿಗೂ ಒಂದೇ ಆರ್ಡರ್ ನಿಯಮ ಯಾಕೆ ಬಿಟ್ಟೆ

ಪೀಣ್ಯದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪರ್ಚೇಸ್, ಸ್ಟೋರ್ಸ್ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಸೇರಿದ ಹೊಸತರಲ್ಲಿ ಇದ್ದದ್ದು ಒಂದೇ ನಿಯಮ. ಒಂದು ತಿಂಗಳ ಬಳಕೆಯಷ್ಟು ಮಿನಿಮಮ್ ಲೆವೆಲ್, ಅದಕ್ಕಿಂತ ಕೆಳಗಿಳಿದರೆ ಎರಡು ತಿಂಗಳಿಗೆ ಆಗುವಷ್ಟು ಆರ್ಡರ್. ವಾಷರ್‌ಗೂ ಅದೇ, ಎಂಟು ಸಾವಿರ ರೂಪಾಯಿಯ ಕ್ರೋಮ್ ರಾಡ್‌ಗೂ ಅದೇ.

ಆ ವರ್ಷ ಆಯುಧ ಪೂಜೆಗೆ ಸ್ಟೋರ್ಸ್ ತೊಳೆಯುವಾಗ ರ‍್ಯಾಕ್ ಹಿಂದೆ ನಾಲ್ಕು ರಾಡ್ ಸಿಕ್ಕವು. 90 ಎಂಎಂ. ಸುತ್ತಿದ್ದ ಪೇಪರ್ ಹರಿದು, ಮಳೆಗಾಲದ ತೇವಕ್ಕೆ ಒಂದೆರಡರ ಮೇಲೆ ತುಕ್ಕಿನ ಚುಕ್ಕೆ ಎದ್ದಿತ್ತು. ಎರಡು ಸಲ ಆರ್ಡರ್ ಕೊಟ್ಟು ಆಮೇಲೆ ಡಿಸೈನ್ ಬದಲಿಸಿದ ಒಬ್ಬ ಗ್ರಾಹಕರಿಗಾಗಿ, ‘ಮಿನಿಮಮ್‌ಗಿಂತ ಕೆಳಗೆ ಬಂದಿದೆ’ ಅಂತ ತರಿಸಿದ್ದವು. ಅದೇ ವಾರ ಅಸೆಂಬ್ಲಿ ಟೇಬಲ್ ಮೇಲೆ ಏಳು ಸಿಲಿಂಡರ್ ನಿಂತಿದ್ದವು, 150 ರೂಪಾಯಿಯ ರಾಡ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಇಲ್ಲದೆ. ಒಂದು ಕಡೆ ದುಡ್ಡು ಕೊಳೆಯುತ್ತಿದೆ, ಇನ್ನೊಂದು ಕಡೆ ಕೆಲಸ ನಿಂತಿದೆ. ಎರಡಕ್ಕೂ ಕಾರಣ ಅದೇ ನಿಯಮ.

ಅವತ್ತಿಂದ ಪ್ರತಿ ಸಾಮಾನಿನ ಬಗ್ಗೆ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಬೇಕು ಅಂತ ನನಗೆ ಗೊತ್ತಾಗುವುದು ಯಾವಾಗ? ದೊಡ್ಡ ಸೈಜಿನ ರಾಡ್, ಹೋನ್ ಮಾಡಿದ (ಒಳಗೆ ಉಜ್ಜಿ ನುಣುಪು ಮಾಡಿದ) ಟ್ಯೂಬ್ ಇವೆಲ್ಲ ಗ್ರಾಹಕರ ಆರ್ಡರ್ ಬಂದ ದಿನವೇ ಎಷ್ಟು ಅಡಿ ಬೇಕು ಅಂತ ಲೆಕ್ಕ ಸಿಗುತ್ತದೆ. ಡ್ರಾಯಿಂಗ್‌ನಲ್ಲೇ ಇದೆ, ಅಂದಾಜು ಯಾಕೆ ಬೇಕು ಅಲ್ವಾ? ಅವಕ್ಕೆ ಮಿನಿಮಮ್ ಲೆವೆಲ್ ಅನ್ನೋದನ್ನೇ ತೆಗೆದುಹಾಕಿದೆ. ಆರ್ಡರ್ ಬಂದಷ್ಟಕ್ಕೆ ಮಾತ್ರ ಖರೀದಿ.

ಸೀಲ್ ಕಥೆ ಬೇರೆ. ಅದೂ ಸಿಲಿಂಡರಿಗೇ ಹೋಗುವ ಸಾಮಾನು, ಆದರೆ ನಾವು ಗ್ರಾಹಕರಿಗೆ ಮೂರು ವಾರದಲ್ಲಿ ಕೊಡುತ್ತೇವೆ ಅಂತ ಒಪ್ಪಿರುತ್ತೇವೆ, ಸೀಲ್ ಬರಲು ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಒಂದೇ ಸೀಲ್ ಹತ್ತಾರು ಮಾಡೆಲ್‌ಗೆ ಬರುತ್ತದೆ ಕೂಡ. ಹಾಗಾಗಿ ಸ್ಟಾಕ್ ಇಡಲೇಬೇಕು. ಎಷ್ಟು ಇಡಬೇಕು ಅನ್ನೋದರಲ್ಲೇ ನಾನು ಜಾಸ್ತಿ ತಲೆ ಕೆಡಿಸಿಕೊಂಡದ್ದು.

ಒಂದು ಸಲಕ್ಕೆ ಎಷ್ಟು ತರಿಸಬೇಕು ಅನ್ನೋದಕ್ಕೆ 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟ ಇಒಕ್ಯೂ (ಎಕನಾಮಿಕ್ ಆರ್ಡರ್ ಕ್ವಾಂಟಿಟಿ) ಸೂತ್ರವನ್ನೇ ಹಾಕಿದೆ. ಆರ್ಡರ್ ಹಾಕುವ ಖರ್ಚು, ಸ್ಟಾಕ್ ಇಟ್ಟುಕೊಳ್ಳುವ ಖರ್ಚು ಎರಡೂ ಸೇರಿ ಎಲ್ಲಿ ಕಡಿಮೆ ಆಗುತ್ತದೋ ಆ ಸಂಖ್ಯೆಯನ್ನು ಅದು ಕೊಡುತ್ತದೆ. ವರ್ಷಕ್ಕೆ 2,400 ಸೀಲ್. ಒಂದು ಆರ್ಡರಿಗೆ ಫೋನು, ಟೆಂಪೋ, ಇನ್‌ಸ್ಪೆಕ್ಷನ್ ಎಲ್ಲ ಸೇರಿ 600 ರೂಪಾಯಿ ಖರ್ಚು. ಒಂದು ಸೀಲನ್ನು ವರ್ಷ ಪೂರ್ತಿ ಇಟ್ಟುಕೊಳ್ಳಲು, ಬೆಲೆಯ 20% ಹಿಡಿದರೆ, 30 ರೂಪಾಯಿ. ಉತ್ತರ 310. ಆಗ ಈ ಎರಡೂ ಸೇರಿ ವರ್ಷದ ಖರ್ಚು ಸುಮಾರು 9,300. ಸುಮ್ನೆ 465 ತರಿಸಿದರೆ ಎಷ್ಟಾಗುತ್ತದೆ ಅಂತ ನೋಡಿದೆ: ಸುಮಾರು 10,070. ಒಂದೂವರೆ ಪಟ್ಟು ತರಿಸಿದರೂ ವರ್ಷಕ್ಕೆ 800 ರೂಪಾಯಿ ವ್ಯತ್ಯಾಸವೂ ಇಲ್ಲ! ಪ್ಯಾಕೆಟ್ 100ರದ್ದು, ಹಾಗಾಗಿ 300 ಅಂತ ಇಟ್ಟು ಮುಂದೆ ಹೋದೆ. ಈ ಸಂಖ್ಯೆಯನ್ನು ತಿದ್ದುತ್ತಾ ಕೂರಬೇಡಿ.

ಕೂರಬೇಕಾದ್ದು ಯಾವಾಗ ಆರ್ಡರ್ ಹಾಕಬೇಕು ಅನ್ನೋದರ ಮೇಲೆ. ಸಪ್ಲೈಯರ್ ಯಾವಾಗಲೂ ಹೇಳುತ್ತಿದ್ದದ್ದು ‘ಮೂರೇ ವಾರ ಸರ್, ಬಂದುಬಿಡುತ್ತೆ’ ಅಂತ. ನಾನು ಹಳೆಯ ಫೈಲ್ ತೆಗೆದು ಹಿಂದಿನ ಇಪ್ಪತ್ತು ಆರ್ಡರಿನ ಪಿಒ (ಪರ್ಚೇಸ್ ಆರ್ಡರ್) ತಾರೀಖು, ಮಾಲು ಬಂದ ತಾರೀಖು ಎರಡನ್ನೂ ಪಕ್ಕಪಕ್ಕ ಬರೆದೆ. ಸರಾಸರಿ ನಾಲ್ಕು ವಾರ. ಒಮ್ಮೆ ಎರಡೇ ವಾರಕ್ಕೆ ಬಂದಿದೆ, ಒಮ್ಮೆ ಏಳು ವಾರ ಆಗಿದೆ. ಎಕ್ಸೆಲ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಅನ್ನೋ ಅಳತೆ) ತೆಗೆದರೆ ಒಂದೂವರೆ ವಾರ.

ವಾರಕ್ಕೆ 50 ಸೀಲ್ ಖರ್ಚು, ಅದರ ಏರಿಳಿತ, ಅದೇ ಅಳತೆಯಲ್ಲಿ, 15. ಬಳಕೆಯ ಏರಿಳಿತವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ನಾಲ್ಕು ವಾರಕ್ಕೆ ಅದು 30 (15ಕ್ಕೆ ನಾಲ್ಕರ ವರ್ಗಮೂಲದ ಪಟ್ಟು); 95% ಭದ್ರತೆಗೆ ಅದನ್ನು 1.65ರಿಂದ ಗುಣಿಸಿ, ಸೇಫ್ಟಿ ಸ್ಟಾಕ್ (ಏರುಪೇರಿಗೆ ಅಂತ ಇಡುವ ಹೆಚ್ಚುವರಿ) 50 ಸಾಕು ಅನ್ನಿಸುತ್ತದೆ. ಸಪ್ಲೈಯರ್ ತಡ ಮಾಡುವುದನ್ನೂ ಸೇರಿಸಿದರೆ ಅದೇ 133 ಆಗುತ್ತದೆ. ಅಂದರೆ ನಮ್ಮ ಶಾರ್ಟೇಜಿಗೆ ಗ್ರಾಹಕರ ಬೇಡಿಕೆಗಿಂತ ಮಾಲು ಬರುವ ದಿನದ ಏರುಪೇರೇ ದೊಡ್ಡ ಕಾರಣವಾಗಿತ್ತು. ನಾಲ್ಕು ವಾರದ 200, ಮೇಲೆ 133, ರೌಂಡ್ ಮಾಡಿ 340ಕ್ಕೆ ಬಂದ ಕೂಡಲೇ ಆರ್ಡರ್. ಓನರ್ ‘ಇಷ್ಟೊಂದು ಯಾಕಪ್ಪಾ?’ ಅಂದರು. ಜಾಸ್ತಿ ಆದ 83 ಸೀಲಿನ ಬೆಲೆ ಹನ್ನೆರಡೂವರೆ ಸಾವಿರ, ಆ ನಾಲ್ಕು ರಾಡಿಗೆ ಹಾಕಿದ ದುಡ್ಡಿನ ಅರ್ಧವೂ ಅಲ್ಲ ಅಂತ ತೋರಿಸಿದ ಮೇಲೆ ಒಪ್ಪಿದರು.

ಇಲ್ಲೊಂದು ಎಚ್ಚರ. 340 ಅಂದರೆ ರ‍್ಯಾಕಿನಲ್ಲಿ ಇರುವುದಷ್ಟೇ ಅಲ್ಲ, ಆರ್ಡರ್ ಹಾಕಿ ಇನ್ನೂ ಬರಬೇಕಾದ್ದೂ ಸೇರಬೇಕು. ಮೊದಲ ತಿಂಗಳು ನಮ್ಮ ಸ್ಟೋರ್ಸ್ ಹುಡುಗ ರ‍್ಯಾಕ್ ಎಣಿಸಿ 320 ಇದೆ ಅಂದ, ನಾನು ಇನ್ನೊಂದು ಪಿಒ ಹಾಕಿಬಿಟ್ಟೆ. 300 ಆಗಲೇ ದಾರಿಯಲ್ಲಿತ್ತು. ರಬ್ಬರ್ ಸೀಲ್ ಸುಮ್ನೆ ಇಟ್ಟರೂ ಹಳೆಯದಾಗುತ್ತದೆ, ಗುಡ್ಡೆ ಹಾಕಿಕೊಂಡರೆ ಕಷ್ಟ. ಈಗ ಬಿನ್ ಕಾರ್ಡಿನಲ್ಲಿ (ಪ್ರತಿ ಸಾಮಾನಿನ ಲೆಕ್ಕ ಬರೆಯುವ ಕಾರ್ಡ್) ‘ಬರಬೇಕಾದ್ದು’ ಅಂತಲೇ ಒಂದು ಕಾಲಂ ಇದೆ.

ಇಎನ್8 (ಒಂದು ಬಗೆಯ ಉಕ್ಕು) ಬಾರ್‌ಗಳು ಹತ್ತು ಸೈಜಿನವು ಒಬ್ಬರೇ ಡೀಲರ್ ಹತ್ತಿರ ಬರುತ್ತವೆ, ಟೆಂಪೋ ಬಾಡಿಗೆ ಒಂದು ಸೈಜ್ ತಂದರೂ ಅಷ್ಟೇ ಹತ್ತು ತಂದರೂ ಅಷ್ಟೇ. ಅದಕ್ಕೇ ಪ್ರತಿ ಶುಕ್ರವಾರ ಎಲ್ಲವನ್ನೂ ಎಣಿಸಿ, ಗುರುತು ಹಾಕಿದ ಮಟ್ಟಕ್ಕೆ ತುಂಬುವಷ್ಟು ಆರ್ಡರ್. ಮಾಲು ಮಂಗಳವಾರ ಬರುತ್ತದೆ. ನಾಲ್ಕು ದಿನದ ಬಳಕೆ ಹಿಡಿದರೆ ಸಾಕು ಅಂತ ಮೊದಲು ತಪ್ಪು ಮಾಡಿದೆ. ಮುಂದಿನ ಆರ್ಡರ್ ಮುಂದಿನ ಶುಕ್ರವಾರ, ಅದು ಬರುವುದು ಅದರಾಚೆಯ ಮಂಗಳವಾರ. ಇವತ್ತು ತುಂಬುವ ಮಟ್ಟ 11 ದಿನದ ಬಳಕೆಗೆ ಸಾಕಾಗಬೇಕು, ಅದರ ಮೇಲೆ ಸ್ವಲ್ಪ ಜಾಸ್ತಿ.

ಬೋಲ್ಟು, ವಾಷರ್‌ಗೆ ಎರಡು ಡಬ್ಬ. ಮೊದಲನೆಯದು ಖಾಲಿಯಾದರೆ ಅದನ್ನು ನನ್ನ ಟೇಬಲ್ ಮೇಲೆ ತಂದಿಡುತ್ತಾರೆ, ಅದೇ ಆರ್ಡರ್.

ಕೆಲವು ತಿಂಗಳಿಂದ ಸೀಲ್ ಸಪ್ಲೈಯರ್ ಬೆಂಗಳೂರಲ್ಲೇ ಸ್ಟಾಕ್ ಇಡುತ್ತಿದ್ದಾರೆ, ಇನ್ನು ಒಂದೇ ವಾರ ಅಂತಿದ್ದಾರೆ. ಬಂದಿರುವುದು ಐದು ಡೆಲಿವರಿ, ಐದೂ ಹೇಳಿದ ದಿನಕ್ಕೆ ಬಂದಿವೆ. 340ನ್ನು ಇನ್ನೂ ಇಳಿಸಿಲ್ಲ. ಇನ್ನೊಂದು ಹತ್ತು ಬರಲಿ, ತಾರೀಖು ಬರೆದುಕೊಳ್ಳುತ್ತಿದ್ದೇನೆ.