ಇಲಾಖಾ ವಿಚಾರಣೆಯ ಮೊದಲ ದಿನಕ್ಕೆ ತಯಾರಾಗುವುದು ಹೇಗೆ?

ನೋಟಿಸ್ ಕೈಗೆ ಬಂದ ಕೂಡಲೇ ನಮ್ಮ ನೌಕರರು ಓಡುವುದು ಕಚೇರಿ ಎದುರಿನ ಡಿಟಿಪಿ ಅಂಗಡಿಗೆ. ಅಲ್ಲಿ ಉತ್ತರದ ರೆಡಿ ನಮೂನೆ ಸಿಗುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಒಬ್ಬರು ತಂದಿದ್ದ ಉತ್ತರದ ಮೂರನೇ ಪುಟದಲ್ಲಿ ಬೇರೆ ಯಾರದೋ ಹೆಸರು, ಬೇರೆ ತಾಲ್ಲೂಕು ಹಾಗೇ ಉಳಿದಿತ್ತು.

ಮೊದಲು ಕಾಗದ ಎಣಿಸಿ. ಕರ್ನಾಟಕ ಸರ್ಕಾರಿ ನೌಕರರ ಶಿಸ್ತು ಕ್ರಮಕ್ಕೆ ಇರುವ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ 11ನೇ ನಿಯಮದಡಿ ವಿಚಾರಣೆ ಅಂದರೆ ನಾಲ್ಕು ಬೇಕು: ದೋಷಾರೋಪಣೆ, ಅದರ ವಿವರ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ. ಒಂದು ಕಡಿಮೆಯಿದ್ದರೂ ಬರೆದು ಕೇಳಿ.

ನಿಮ್ಮ ಪರವಾಗಿ ಕೂರಲು ಇನ್ನೊಬ್ಬ ಸರ್ಕಾರಿ ನೌಕರರನ್ನು ಕರೆತರಬಹುದು. ವಕೀಲರು ಬೇಕೆಂದರೆ ಇಲಾಖೆಯ ಪರ ವಾದ ಮಂಡಿಸುವ ಮಂಡನಾಧಿಕಾರಿಯೂ ವಕೀಲರಾಗಿರಬೇಕು, ಇಲ್ಲವೇ ನಿಮ್ಮ ಮೇಲೆ ಕ್ರಮ ಕೈಗೊಳ್ಳುವ ಶಿಸ್ತು ಪ್ರಾಧಿಕಾರ ಒಪ್ಪಬೇಕು. ನನ್ನ ಕೇಳಿದರೆ, ಕಡತದ ಟಿಪ್ಪಣಿ ಪುಟ ಓದಿ ಓದಿ ಕಣ್ಣು ಸವೆಸಿಕೊಂಡ ಹಳೇ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಒಬ್ಬರು ಸಿಕ್ಕರೆ ಸಾಕು.

ಲೋಕಾಯುಕ್ತಕ್ಕೆ ವಹಿಸಿದ ಪ್ರಕರಣವಾದರೆ ಬೆಂಗಳೂರಿನ ಅಂಬೇಡ್ಕರ್ ಬೀದಿಯ ಬಹುಮಹಡಿ ಕಟ್ಟಡಕ್ಕೆ ಹೋಗಬೇಕು. ವಿಧಾನಸೌಧದ ಮೆಟ್ರೋ ನಿಲ್ದಾಣದಲ್ಲಿ ಇಳಿಯಿರಿ, ಪಾರ್ಕಿಂಗ್ ಹುಡುಕುತ್ತಾ ತಡ ಮಾಡಿಕೊಳ್ಳಬೇಡಿ.

ವಿಚಾರಣೆ ಎಲ್ಲೇ ನಡೆಯಲಿ, ಒಳಗೆ ಮೊದಲು ನಿಮ್ಮ ಪ್ರಥಮ ಮೌಖಿಕ ಹೇಳಿಕೆ ದಾಖಲಿಸುತ್ತಾರೆ. ಮುಖ್ಯ ಪ್ರಶ್ನೆ ಇಷ್ಟೇ: ಆರೋಪ ಒಪ್ಪುತ್ತೀರಾ? ಎಷ್ಟೋ ಜನ ಎಡವುವುದು ಇಲ್ಲೇ. ಕೈಮುಗಿದು "ಏನೋ ಆಗ್ಹೋಯ್ತು ಸಾರ್, ಈ ಸಲ ಬಿಟ್ಬಿಡಿ" ಅನ್ನುತ್ತಾರೆ. ಸ್ಟೆನೋ ಟೈಪ್ ಮಾಡುವುದು "ಆರೋಪ ಒಪ್ಪಿಕೊಂಡಿರುತ್ತಾರೆ" ಅಂತ. ಒಪ್ಪಿದ ಆರೋಪಕ್ಕೆ ಸಾಕ್ಷಿ ಕರೆಯುವ ಗೋಜೇ ಇಲ್ಲ, ನೇರ ವರದಿ. ಒಪ್ಪುವುದಿಲ್ಲ ಅಂದರೆ ಆ ಒಂದು ಮಾತು ಹೇಳಿ ಸುಮ್ಮನಾಗಿ. ಮೇಲಧಿಕಾರಿಯ ಜಗಳ, ವರ್ಗಾವಣೆಯ ಕಥೆ ಅವತ್ತು ಬೇಡ.

ಅವತ್ತಿನ ನಿಜವಾದ ಕೆಲಸ ದಾಖಲೆ ಕೇಳುವುದು. ಇಲಾಖೆ ಪಟ್ಟಿ ಮಾಡಿದ ಮೂಲ ದಾಖಲೆಗಳನ್ನು ನೋಡಲು ದಿನ ಗೊತ್ತು ಮಾಡಿಸಿಕೊಳ್ಳಿ. ನೋಡುವಾಗ ಪುಟ ಸಂಖ್ಯೆ, ತಿದ್ದುಪಡಿ, ಸಹಿಯ ಕೆಳಗಿನ ತಾರೀಕು ಬರೆದುಕೊಳ್ಳಿ. ಪಟ್ಟಿಯಲ್ಲಿ ಇಲ್ಲದ, ಆದರೆ ನಿಮಗೆ ಬೇಕಾದ ದಾಖಲೆಗಳಿಗೆ ಬೇರೆ ಬೇಡಿಕೆ ಕೊಡಿ. "ಸಂಬಂಧಪಟ್ಟ ಎಲ್ಲಾ ದಾಖಲೆ ಕೊಡಿಸಿ" ಎಂದು ಬರೆದರೆ ತಿರಸ್ಕಾರ ಗ್ಯಾರಂಟಿ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆಯಿರಿ: ಯಾವ ದಾಖಲೆ, ಯಾವ ತಾರೀಕಿನದು, ಯಾವ ಶಾಖೆಯಲ್ಲಿದೆ, ಯಾವ ಆರೋಪಕ್ಕೆ ಏಕೆ ಬೇಕು. ಅನಧಿಕೃತ ಗೈರುಹಾಜರಿಯ ಆರೋಪ ಇದೆ ಅಂದುಕೊಳ್ಳಿ. ಹಾಜರಿ ಪುಸ್ತಕ ಇಲಾಖೆಯೇ ತರುತ್ತದೆ. ನೀವು ಕೇಳಬೇಕಾದ್ದು ಆ ವಾರದ ಚಲನವಲನ ವಹಿ (ಯಾರು ಯಾವಾಗ ಕಚೇರಿಯಿಂದ ಹೊರಗೆ ಹೋದರು ಎಂದು ಬರೆಯುವ ಪುಸ್ತಕ) ಮತ್ತು ನಿಮ್ಮ ರಜೆ ಅರ್ಜಿ ನಮೂದಾದ ಟಪಾಲು ವಹಿ. ಅರ್ಜಿ ಕೊಟ್ಟಿದ್ದೀರಿ ಅನ್ನುವುದು ಆ ಒಂದು ಸಾಲಲ್ಲಿ ಕೂತಿರುತ್ತದೆ.

ಸಾಕ್ಷಿಗಳು ಮೊದಲು ಕೊಟ್ಟಿದ್ದ ಹೇಳಿಕೆಗಳ ಪ್ರತಿಯನ್ನೂ ಬಿಡಬೇಡಿ. ಪಾಟೀಸವಾಲಿಗೆ ಅದೇ ಬಂಡವಾಳ. ಹೇಳಿಕೆ, ದಾಖಲೆಗಳ ಪ್ರತಿ ಕೊಡಲಿಲ್ಲ ಅನ್ನುವ ಕಾರಣಕ್ಕೇ 1986ರ ಕಾಶೀನಾಥ ದೀಕ್ಷಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೌಕರನ ವಜಾ ಆದೇಶವನ್ನು ರದ್ದು ಮಾಡಿತು. ಹಾಗಂತ ನೀವು ಕೇಳಿದ್ದಕ್ಕೆ ಪುರಾವೆ ಇರಬೇಕಲ್ವಾ? ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ನಿಮ್ಮ ಸಾಕ್ಷಿಗಳ ಪಟ್ಟಿ ಕೊಡಿ. ಇಬ್ಬರು ಮೂವರು ಸಾಕು.

ಏಳುವ ಮುಂಚೆ ಆರ್ಡರ್ ಶೀಟ್, ಅಂದರೆ ಅವತ್ತು ನಡೆದದ್ದನ್ನು ದಾಖಲಿಸಿದ ಹಾಳೆ, ಪೂರ್ತಿ ಓದಿ. ಬೇಡಿಕೆ ಪಟ್ಟಿ ಕೊಟ್ಟ ವಿಷಯ ಅದರಲ್ಲಿ ಕಾಣದಿದ್ದರೆ ಸೇರಿಸಲು ಕೇಳಿ. ಸೇರಿಸುವವರೆಗೆ ಸಹಿಗೆ ಪೆನ್ನಿನ ಕ್ಯಾಪ್ ತೆಗೆಯಬೇಡಿ.