ಹಾಡನ್ನು ಬಿಡಿಸಿ, ಆಮೇಲೆ ವಾದಿಸಿ: ಮೂಟ್ ಕೋರ್ಟ್‌ಗೆ ತಯಾರಾಗುವುದು ಹೇಗೆ?

ಹೋದ ವರ್ಷ ದಾವಣಗೆರೆಯ ಒಂದು ಮೂಟ್ ಕೋರ್ಟ್ ಸ್ಪರ್ಧೆಗೆ, ಅಂದರೆ ಕಾನೂನು ವಿದ್ಯಾರ್ಥಿಗಳು ಕಲ್ಪಿತ ಪ್ರಕರಣ ಹಿಡಿದು ವಾದಿಸುವ ಅಣಕು ನ್ಯಾಯಾಲಯಕ್ಕೆ, ತೀರ್ಪುಗಾರನಾಗಿ ಹೋಗಿದ್ದೆ. ವಿಷಯ ಸಂಗೀತ ಮತ್ತು ಕಾಪಿರೈಟ್. ವಿದ್ಯಾರ್ಥಿನಿಯೊಬ್ಬಳು ಚೆನ್ನಾಗಿಯೇ ಶುರು ಮಾಡಿದಳು. 'ನಮ್ಮ ಕಕ್ಷಿದಾರರ ಹಾಡನ್ನು ಕದ್ದಿದ್ದಾರೆ' ಎಂದಳು. ನನ್ನ ಪಕ್ಕದಲ್ಲಿದ್ದ ಹಿರಿಯ ವಕೀಲರು, 'ಹಾಡಿನಲ್ಲಿ ಯಾವುದನ್ನಮ್ಮಾ?' ಎಂದು ಕೇಳಿದರು. ವಾದ ಅಲ್ಲಿಗೇ ನಿಂತಿತು. ಓದಿಕೊಂಡು ಬಂದಿದ್ದ ಹುಡುಗಿ, ನನಗೆ ತುಂಬಾ ಬೇಜಾರಾಯಿತು. ಬೇರೆ ತಂಡಗಳೂ ಅಲ್ಲೇ ಎಡವಿದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ ಸುಲಭ. ಕೊಟ್ಟ ಪ್ರಕರಣವನ್ನು ಮೂರು ಸಲ ಓದಿ, ತಾರೀಖುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆಯಿರಿ. ಸಾಮಾನ್ಯವಾಗಿ ಇಬ್ಬರು ವಾದಿಸುತ್ತಾರೆ, ಒಬ್ಬರು ಸಂಶೋಧಕರು. ಮಾತು ಬಾರದವರನ್ನು ಸಂಶೋಧಕರನ್ನಾಗಿ ಮಾಡುವ ರೂಢಿ ಬಿಡಿ. ಆ ಜಾಗಕ್ಕೆ ತಂಡದಲ್ಲಿ ಜಾಸ್ತಿ ಓದುವವರೇ ಬೇಕು.

ಎರಡನೆಯದು ಹಾಡನ್ನು ಬಿಡಿಸುವುದು. ಎಲ್ಲರೂ ಕೆಡುವುದು ಇಲ್ಲೇ. 1957ರ ಕಾಪಿರೈಟ್ ಕಾಯ್ದೆಯಲ್ಲಿ 'ಹಾಡು' ಎಂಬ ಒಂದೇ ವಸ್ತು ಇಲ್ಲ. ಸಾಹಿತ್ಯ ಬೇರೆ, ಮಟ್ಟು ಬೇರೆ, ಧ್ವನಿಮುದ್ರಣ ಬೇರೆ, ಹಾಡಿದವರ ಅಥವಾ ನುಡಿಸಿದವರ ಹಕ್ಕು ಬೇರೆ. ಸಂಗೀತ ಕೃತಿ ಎಂದರೆ ಅದರಲ್ಲಿ ಪದಗಳು ಸೇರುವುದಿಲ್ಲ ಎಂದು ಸೆಕ್ಷನ್ 2(ಪಿ) ಬಿಡಿಸಿಯೇ ಹೇಳುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ಮನೆ ಹಾಕಿಕೊಳ್ಳಿ. ಒಂದೊಂದು ಮನೆಯಲ್ಲೂ ಮೂರು ಪ್ರಶ್ನೆ ಬರೆಯಿರಿ: ಯಾರು ಮಾಡಿದರು, ಈಗ ಯಾರದ್ದು, ಕಾಗದ ಎಲ್ಲಿದೆ?

ಒಂದು ಕಲ್ಪಿತ ಪ್ರಕರಣ ನೋಡೋಣ. ಹಿರಿಯೂರು ಕಡೆಯ ಗೊಲ್ಲರಹಟ್ಟಿಯಲ್ಲಿ ಅಜ್ಜ ಒಬ್ಬರು ಗಣೆ (ಬಿದಿರಿನ ಉದ್ದ ಕೊಳಲು) ಊದುತ್ತಾರೆ. ತಲೆಮಾರುಗಳಿಂದ ಬಂದ ಮಟ್ಟು. 2016ರಲ್ಲಿ ದಾವಣಗೆರೆಯ ಒಬ್ಬರು ಅದನ್ನು ರೆಕಾರ್ಡ್ ಮಾಡಿ, ಅದೇ ವರ್ಷ ಸಿ.ಡಿ. ತಂದರು. ಆಮೇಲೆ ಒಬ್ಬ ಸಂಗೀತ ನಿರ್ದೇಶಕ ಆ ಧ್ವನಿಯನ್ನೇ ಎತ್ತಿಕೊಂಡು, ಹೊಸ ಪದ ಹಾಕಿಸಿ ಸಿನಿಮಾ ಹಾಡು ಮಾಡಿದ. ಈಗ ಮನೆ ತುಂಬಿ. ಹಳೆಯ ಮಟ್ಟಿಗೆ ಕಾಪಿರೈಟ್ ಇಲ್ಲ, ಅದು ಯಾರ ಸ್ವತ್ತೂ ಅಲ್ಲ. ಆದರೆ ನಿರ್ದೇಶಕ ಸ್ವಂತವಾಗಿ ಕಟ್ಟಿ ಸೇರಿಸಿದ ಭಾಗ ಇದ್ದರೆ ಅಷ್ಟಕ್ಕೆ ಹಕ್ಕು ಹುಟ್ಟುತ್ತದೆ. ಹೊಸ ಪದಗಳು ಸಾಹಿತಿಯ ಸೃಷ್ಟಿ, ಅದಕ್ಕೆ ಅವರ ಜೀವಮಾನ ಮತ್ತು ಮುಂದಿನ 60 ವರ್ಷ ರಕ್ಷಣೆ. ಸಿ.ಡಿ.ಯ ಧ್ವನಿಮುದ್ರಣಕ್ಕೆ, ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. ಅಂದರೆ 2076ರ ಕೊನೆಯವರೆಗೆ. ಅಜ್ಜ ಊದಿದ ಪ್ರದರ್ಶನಕ್ಕೆ 50 ವರ್ಷ, 2066ರ ಕೊನೆಯವರೆಗೆ. ನೋಡಿ, ಮಟ್ಟು ಅಜ್ಜನದ್ದಲ್ಲ, ಆದರೆ ಊದಿದ ಉಸಿರು ಅವರದ್ದು. ಕಾನೂನು ಅದನ್ನು ಕಾಯುತ್ತದೆ. ನಿಮ್ಮ ಇಡೀ ಪ್ರಕರಣ ಈ ಮನೆಯಲ್ಲೇ ಇರಬಹುದು.

ಇನ್ನು ಕಾಗದದ ಪ್ರಶ್ನೆ. ಹಕ್ಕನ್ನು ಬರೆದುಕೊಡುವುದಾದರೆ ಅದು ಸಹಿ ಇರುವ ಬರವಣಿಗೆಯಲ್ಲೇ ಇರಬೇಕು. ಅವಧಿ ಹೇಳದಿದ್ದರೆ 5 ವರ್ಷ ಎಂದೇ ಲೆಕ್ಕ. ಸೆಕ್ಷನ್ 19 ಓದಿ. ಅಜ್ಜ ಬಾಯಿಮಾತಿನಲ್ಲಿ 'ಆಯ್ತಪ್ಪಾ' ಅಂದಿದ್ದಷ್ಟೇ ಆದರೆ, ಸಿ.ಡಿ. ತಂದವರ ಪರ ನಿಂತವರಿಗೆ ಬೆವರು ಇಳಿಯಬೇಕು.

ತೀರ್ಪುಗಳ ವಿಚಾರ. 1977ರಲ್ಲಿ ಸುಪ್ರೀಂ ಕೋರ್ಟ್, ಸಂಗೀತ ಮಾಡಿಸಿಕೊಂಡ ಸಿನಿಮಾ ನಿರ್ಮಾಪಕನೇ ಮೊದಲ ಒಡೆಯನಾಗಬಹುದು ಎಂದಿತು. ವಿದ್ಯಾರ್ಥಿಗಳು ಅದನ್ನು ಹೇಳಿ ಕೂತುಬಿಡುತ್ತಾರೆ. ಆಮೇಲೆ ಬಂದ 2012ರ ತಿದ್ದುಪಡಿಯ ಪ್ರಕಾರ, ಸಿನಿಮಾ ಹಾಡು ಥಿಯೇಟರ್‌ನಲ್ಲಿ ಸಿನಿಮಾ ಜೊತೆ ಅಲ್ಲದೆ ಬೇರೆಡೆ ಬಳಕೆಯಾದರೆ, ರಾಯಲ್ಟಿಯಲ್ಲಿ ಸಾಹಿತಿ ಮತ್ತು ಸಂಯೋಜಕರ ಸಮಪಾಲನ್ನು ಕಸಿದುಕೊಳ್ಳುವ ಹಾಗಿಲ್ಲ. ಅದನ್ನು ಬಿಟ್ಟು ಆ ತೀರ್ಪು ಹೇಳಲೇಬೇಡಿ. ಅದೇ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಗಾಯಕರಿಗೆ ರಕ್ಷಣೆ ಇಲ್ಲವಲ್ಲ ಎಂದು ಪ್ರತ್ಯೇಕವಾಗಿ ಬರೆದಿದ್ದರು. ಪ್ರದರ್ಶಕರ ಹಕ್ಕು ಕಾಯ್ದೆಗೆ ಬಂದದ್ದು 1994ರ ತಿದ್ದುಪಡಿಯಲ್ಲಿ. ಆ ಟಿಪ್ಪಣಿಯನ್ನು ದಯವಿಟ್ಟು ಪೂರ್ತಿ ಓದಿ, ಚಿಕ್ಕದೇ ಇದೆ.

ಇಂಟರ್‌ನೆಟ್‌ನಲ್ಲಿ ಸಿಗುವ ರೆಡಿಮೇಡ್ ಮೆಮೋರಿಯಲ್‌ಗಳನ್ನು (ಲಿಖಿತ ವಾದಗಳನ್ನು) ಮುಟ್ಟಬೇಡಿ. ಎಐ ಹತ್ತಿರ ತೀರ್ಪು ಕೇಳಿದರೆ ಇಲ್ಲದ ತೀರ್ಪಿನ ಹೆಸರನ್ನೂ ಕೊಟ್ಟುಬಿಡುತ್ತದೆ. ಸುಪ್ರೀಂ ಕೋರ್ಟ್ ತೀರ್ಪುಗಳು ಆ ಕೋರ್ಟಿನದೇ ಆನ್‌ಲೈನ್ ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಅಲ್ಲಿಂದಲೇ ತೆಗೆಯಿರಿ. 'ಮೂವತ್ತು ಸೆಕೆಂಡ್ ಬಳಸಿದರೆ ತಪ್ಪಿಲ್ಲ' ಅನ್ನುವ ಮಾತನ್ನು ಪ್ರತಿ ಸ್ಪರ್ಧೆಯಲ್ಲೂ ಕೇಳುತ್ತೇನೆ. ನಮ್ಮ ಕಾಯ್ದೆಯಲ್ಲಿ ಅಂಥ ನಿಯಮವೇ ಇಲ್ಲ. ಸ್ವರಲಿಪಿ ಬರೆದಿಟ್ಟಿಲ್ಲ, ಅದಕ್ಕೇ ಹಕ್ಕಿಲ್ಲ ಅನ್ನುವುದೂ ತಪ್ಪು.

ಮೆಮೋರಿಯಲ್ ಬರೆಯುವುದಕ್ಕೆ ಸ್ಪರ್ಧೆಯ ನಿಯಮಪುಟ ಸಾಕು. ಅಕ್ಷರದ ಅಳತೆಯಿಂದ ಹಿಡಿದು ಎಲ್ಲ ಅದರಲ್ಲೇ ಇರುತ್ತದೆ.

ಮಾತಿನ ಅಭ್ಯಾಸವನ್ನು ಮೊದಲು ಕನ್ನಡದಲ್ಲೇ ಮಾಡಿ, ಸ್ಪರ್ಧೆ ಇಂಗ್ಲಿಷ್‌ನಲ್ಲಿದ್ದರೂ ಸರಿ. ಕಾನೂನು ಗೊತ್ತಿಲ್ಲದ ನಿಮ್ಮ ಅಮ್ಮನಿಗೋ ಚಿಕ್ಕಪ್ಪನಿಗೋ ನಾಲ್ಕು ಮನೆಯ ಹಾಳೆ ತೋರಿಸಿ ವಿವರಿಸಿ. ಅವರು ನಡುವೆ ಬಾಯಿ ಹಾಕಿ ಕೇಳಲಿ. 'ಮದುವೆ ಮೆರವಣಿಗೆಯಲ್ಲಿ ಡಿಜೆ ಹಾಕ್ತಾರಲ್ಲ, ಅದೂ ತಪ್ಪಾ?' ಎಂದು ಕೇಳಿಯೇ ಕೇಳುತ್ತಾರೆ. ತೀರ್ಪುಗಾರರೂ ಅದನ್ನೇ ಕೇಳಬಹುದು. ಸೆಕ್ಷನ್ 52(1)(ಜಡ್‌ಎ) ಮದುವೆ ಮೆರವಣಿಗೆಗೆ ವಿನಾಯಿತಿ ಕೊಡುತ್ತದೆ. ಆ ವಿಡಿಯೊವನ್ನು ಆಮೇಲೆ ಯೂಟ್ಯೂಬ್‌ಗೆ ಹಾಕಿದರೆ ಅದು ಬೇರೆ ಪ್ರಶ್ನೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಸುಮ್ನೆ ಸುತ್ತಬೇಡಿ.

ಕೊನೆಯದು ಪ್ರಾರ್ಥನೆ, ಅಂದರೆ ಕೋರ್ಟನ್ನು ಏನು ಕೇಳುತ್ತೀರಿ ಎಂಬುದು. ಸಮಯ ಮುಗಿಯಿತೆಂದು ಅದನ್ನು ಓಡಿಸಬೇಡಿ. ನಾಲ್ಕು ಮನೆಗೂ ಬೇರೆ ಬೇರೆಯಾಗಿ ಕೇಳಿ. ಅಜ್ಜನ ಪರ ನಿಂತಿದ್ದರೆ ತಡೆಯಾಜ್ಞೆ, ಪರಿಹಾರದ ಜೊತೆಗೆ ಸೆಕ್ಷನ್ 38ಬಿ ಅಡಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಆ ಹಾಡು ಎಲ್ಲಿ ಬಂದರೂ ಗಣೆ ಊದಿದವರ ಹೆಸರು ಹಾಕಬೇಕು.